ಮದುವೆಗೆ ಮುಂಚೆ ಅಜ್ಜಿ ಯಾರ ಮನೆ ಮಗಳು? ಮುಂಬೈ ಕನ್ನಡಿಗರು ಪದೇ ಪದೇ ಕೇಳುವ ಪ್ರಶ್ನೆಗಳು

ಮುಂಬೈಯಲ್ಲಿ ಮೂರು ನಾಲ್ಕು ತಲೆಮಾರಿನಿಂದ ಇರುವ ಕನ್ನಡ ಮನೆಗಳಲ್ಲಿ ಅಜ್ಜನ ಕಡೆಯ ಕಥೆ ಎಲ್ಲರಿಗೂ ಗೊತ್ತು. ಯಾವ ಊರು, ಯಾವಾಗ ಬಂದರು, ಯಾವ ಗಿರಣಿ, ಯಾವ ಹೋಟೆಲು, ಎಲ್ಲಾ ಬಾಯಿಪಾಠ. ಅಜ್ಜಿಯ ತವರು ಯಾವುದು ಅಂದರೆ ಮಾತ್ರ "ಆ ಕಡೆಯವರು" ಎಂದು ಕೈ ಬೀಸುತ್ತಾರೆ. ಆ ಕಡೆ ಎಂದರೆ ಯಾವ ಕಡೆ ಎಂದು ಹುಡುಕಲು ಹೊರಟವರಿಗೆ ಈ ಉತ್ತರಗಳು.

ಮುತ್ತಜ್ಜಿಯ ಹೆಸರು ಮಾತ್ರ ಗೊತ್ತು. ಎಲ್ಲಿಂದ ಶುರು ಮಾಡಲಿ?

ಅವಳನ್ನು ಹುಡುಕಬೇಡಿ. ಅವಳ ಅಣ್ಣತಮ್ಮಂದಿರನ್ನು ಹುಡುಕಿ. ಮುಂದೆ ಬರುವ ಅರ್ಧಕ್ಕರ್ಧ ಉತ್ತರಗಳು ಇದೇ ಮಾತಿನ ಮೇಲೆ ನಿಂತಿವೆ. ಮದುವೆಯಾದ ಹೆಣ್ಣನ್ನು ಸರ್ಕಾರಿ ಕಾಗದ ಇಂಥವರ ಹೆಂಡತಿ ಎಂದು ಬರೆದು ಮುಗಿಸಿಬಿಟ್ಟಿತು. ಅವಳ ಅಣ್ಣ ಮಾತ್ರ ಅಪ್ಪನ ಹೆಸರು, ಅಡ್ಡಹೆಸರು, ಊರು, ಹೊಲ ಸಮೇತ ಕಾಗದದಲ್ಲಿ ಉಳಿದಿದ್ದಾನೆ.

ಅಣ್ಣತಮ್ಮಂದಿರ ಸುಳಿವು ನಿಮ್ಮ ಮನೆಯ ಕಪಾಟಿನಲ್ಲೇ ಇರುತ್ತದೆ. ನಮ್ಮಲ್ಲಿ ಸೋದರಮಾವನಿಲ್ಲದೆ ಶುಭಕಾರ್ಯ ನಡೆಯುವುದು ಕಡಿಮೆ. ಜವಳ ತೆಗೆಯುವಾಗ, ಕಿವಿ ಚುಚ್ಚುವಾಗ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಳ್ಳುವವನು ಬಹಳ ಮನೆಗಳಲ್ಲಿ ಅವನೇ. ಹಳೇ ಫೋಟೋದಲ್ಲಿ ಯಾರೆಂದು ಗೊತ್ತಾಗದ ಪೇಟಾದವರು ಮಗುವನ್ನು ಹಿಡಿದು ಕೂತಿದ್ದರೆ, ಮೊದಲ ಅನುಮಾನ ಅವರ ಮೇಲಿರಲಿ. ಮುತ್ತಜ್ಜಿಯ ಮಕ್ಕಳ ಲಗ್ನಪತ್ರಿಕೆ ಸಿಕ್ಕರೆ ಇನ್ನೂ ಒಳ್ಳೆಯದು. ಕೆಳಗಡೆ ಸಣ್ಣ ಅಕ್ಷರದಲ್ಲಿ ಸೋದರಮಾವಂದಿರ ಹೆಸರು, ಎಷ್ಟೋ ಸಲ ಊರೂ ಇರುತ್ತದೆ. ಮುಂಬೈಯಲ್ಲಿ ಮರಾಠಿಯಲ್ಲಿ ಅಚ್ಚು ಹಾಕಿಸಿದ ಪತ್ರಿಕೆಯಾದರೆ "ಮಾಮಾ" ಎಂಬ ಸಾಲು ನೋಡಿ.

ಮುಯ್ಯಿ ಬರೆದ ಪುಸ್ತಕವನ್ನೂ ಬಿಡಬೇಡಿ. ಯಾರು ಸೀರೆ ತಂದರು, ಯಾರು ಪಾತ್ರೆ ಕೊಟ್ಟರು ಎಂದು ಬರೆದಿಟ್ಟ ಆ ನೋಟ್‌ಬುಕ್ಕಿನಲ್ಲಿ ತವರಿನವರದು ಮೇಲಿನ ಸಾಲುಗಳಲ್ಲೇ ಇರುತ್ತದೆ.

ಅವಳು ಹುಟ್ಟಿದ ಊರು ತಿಳಿಯಲು ಬೇರೆ ಸುಳಿವು ಇದೆಯಾ?

ಇದೆ, ಮತ್ತು ಇದನ್ನು ಯಾರೂ ನೋಡುವುದಿಲ್ಲ. ಚೊಚ್ಚಲ ಹೆರಿಗೆ ತವರಿನಲ್ಲಿ. ಅಂದರೆ ಅವಳ ಮೊದಲ ಮಗುವಿನ ಜನ್ಮಸ್ಥಳ ಬಹುಪಾಲು ಅವಳ ತವರೂರು.

ಪರೇಲಿನ ಚಾಳಿನಲ್ಲಿ ಬೆಳೆದ ಐದು ಮಕ್ಕಳಲ್ಲಿ ನಾಲ್ವರು ಮುಂಬೈಯಲ್ಲಿ ಹುಟ್ಟಿದ್ದಾರೆ, ಹಿರಿಯವನ ಶಾಲೆ ಬಿಟ್ಟ ದಾಖಲೆಯಲ್ಲಿ ಮಾತ್ರ ಜನ್ಮಸ್ಥಳ "ಅಥಣಿ" ಎಂದಿದೆ ಅಂತಿಟ್ಟುಕೊಳ್ಳಿ. ಅಪ್ಪನ ಊರು ಗದಗದ ಹತ್ತಿರ. ಹಾಗಾದರೆ ಅಥಣಿ ಎಲ್ಲಿಂದ ಬಂತು? ಅಮ್ಮನಿಂದ! ಮಹಾರಾಷ್ಟ್ರದ ಶಾಲೆಗಳ ಜನರಲ್ ರಿಜಿಸ್ಟರಿನಲ್ಲಿ ಜನ್ಮಸ್ಥಳಕ್ಕೆ ಬೇರೆ ಕಾಲಮ್ಮೇ ಇದೆ. ಮುಂಬೈ ಪಾಲಿಕೆಯ ಕನ್ನಡ ಶಾಲೆಗಳಲ್ಲಿ ಓದಿದವರ ಹೆಸರೂ ಅಲ್ಲಿ ಸಿಗುತ್ತದೆ. ಶಾಲೆ ಮುಚ್ಚಿದ್ದರೆ ಅದರ ರಿಜಿಸ್ಟರ್ ಎಲ್ಲಿಗೆ ಹೋಯಿತು ಎಂದು ವಾರ್ಡಿನ ಶಿಕ್ಷಣ ವಿಭಾಗದಲ್ಲಿ ಕೇಳಿ.

ಮನೆಯವರು "ಹುಬ್ಬಳ್ಳಿ ಅಜ್ಜಿ" ಎನ್ನುತ್ತಿದ್ದರು. ತವರು ಹುಬ್ಬಳ್ಳಿಯೇ ಇರಬೇಕು, ಅಲ್ವಾ?

ಇರಬಹುದು, ಇಲ್ಲದೆಯೂ ಇರಬಹುದು. ಈ ಹೆಸರನ್ನು ಯಾರು ಕೊಟ್ಟರು ಎನ್ನುವುದು ಮುಖ್ಯ. ಗಂಡನ ಊರಿನ ಹೆಂಗಸರು ಕರೆದದ್ದಾದರೆ ಅದು ತವರೂರು. ಮುಂಬೈಯ ಮೊಮ್ಮಕ್ಕಳು ಕರೆದದ್ದಾದರೆ ಅಜ್ಜಿ ಆಗ ಇದ್ದ ಊರು, ಅಷ್ಟೇ. ಒಂದೇ ಹೆಸರಿನ ಊರುಗಳ ಬಗ್ಗೆಯೂ ಜೋಪಾನ. ಬಾಗೇವಾಡಿ ಅಂದರೆ ಬೆಳಗಾವಿ ಹತ್ತಿರದ ಹಿರೇಬಾಗೇವಾಡಿಯೂ ಆಗಬಹುದು, ವಿಜಯಪುರ ಜಿಲ್ಲೆಯ ಬಸವನ ಬಾಗೇವಾಡಿಯೂ ಆಗಬಹುದು.

ಒಂದು ಕಾಗದದಲ್ಲಿ ಅಂಬಾಬಾಯಿ, ಇನ್ನೊಂದರಲ್ಲಿ ರಾಧಾಬಾಯಿ. ಇಬ್ಬರಾ, ಒಬ್ಬಳಾ?

ಬಹುಶಃ ಒಬ್ಬಳೇ. ಕೆಲವು ಸಮುದಾಯಗಳಲ್ಲಿ ಮದುವೆಯ ದಿನ ತಟ್ಟೆಯಲ್ಲಿ ಅಕ್ಕಿ ಹರಡಿ, ಉಂಗುರದಿಂದ ಹೊಸ ಹೆಸರು ಬರೆಯುವ ಪದ್ಧತಿ ಇತ್ತು. ಸಾರಸ್ವತರಲ್ಲಿ, ಮರಾಠಿ ನಂಟು ಇರುವ ಬ್ರಾಹ್ಮಣ ಮನೆಗಳಲ್ಲಿ ಇದು ಜಾಸ್ತಿ. ಹೀಗಾಗಿ ಗಂಡನ ಮನೆಯ ಹೆಸರು ಹಿಡಿದು ತವರಿನ ಊರಿನಲ್ಲಿ ಕೇಳಿದರೆ "ಅಂಥವರು ಯಾರೂ ಇಲ್ಲ" ಅಂತಲೇ ಉತ್ತರ ಬರುತ್ತದೆ.

ತವರಿನ ಹೆಸರು ಗೊತ್ತಿದ್ದವರು ಇವಳ ಅಕ್ಕತಂಗಿಯರ ಮಕ್ಕಳು. "ನಿಮ್ಮಮ್ಮ ನಮ್ಮಜ್ಜಿಯನ್ನು ಏನೆಂದು ಕರೆಯುತ್ತಿದ್ದರು?" ಎಂದು ಕೇಳಿ ನೋಡಿ. ಹುಟ್ಟುಹೆಸರು ಅಲ್ಲಿ ಉಳಿದಿರುತ್ತದೆ.

ಮದುವೆ ನೋಂದಣಿ ತೆಗೆಸಿದರೆ ಮುಗಿಯಿತಲ್ಲ?

ಹಳೇ ಮದುವೆಗಳಿಗೆ ನೋಂದಣಿ ಎಲ್ಲಿಂದ ಬರಬೇಕು? ಮುಂಬೈ ರಾಜ್ಯದ ಮದುವೆ ನೋಂದಣಿ ಕಾಯ್ದೆ 1953ರದು. ಕರ್ನಾಟಕದ್ದು 1976ರದು. ಎಲ್ಲಾ ಮದುವೆಗಳನ್ನೂ ನೋಂದಾಯಿಸಬೇಕೆಂದು ಸುಪ್ರೀಂ ಕೋರ್ಟ್ ಹೇಳಿದ್ದು 2006ರಲ್ಲಿ. ಕಾಯ್ದೆ ಬಂದ ಮೇಲೂ ಪಾಸ್‌ಪೋರ್ಟಿಗೋ ವೀಸಾಕ್ಕೋ ಬೇಕಾದಾಗ ಮಾತ್ರ ಜನ ಕಚೇರಿಗೆ ಹೋದರು. 1930ರ ಮದುವೆಯ ಸರ್ಟಿಫಿಕೇಟ್ ಹುಡುಕುತ್ತಾ ಕೂರಬೇಡಿ.

ಮರಣ ದಾಖಲೆಯಿಂದಲೂ ಹೆಚ್ಚು ನಿರೀಕ್ಷೆ ಬೇಡ. ಹಳೆಯ ನಮೂನೆಗಳಲ್ಲಿ ತಂದೆ ಅಥವಾ ಗಂಡನ ಹೆಸರು ಎಂದು ಒಂದೇ ಜಾಗ ಇರುತ್ತದೆ, ಅಲ್ಲಿ ಗಂಡ ಬಂದು ಕೂತಿರುತ್ತಾನೆ. ಜನಗಣತಿ ಚೀಟಿಗಳನ್ನಂತೂ ಮರೆತುಬಿಡಿ. 1948ರ ಜನಗಣತಿ ಕಾಯ್ದೆಯ ಪ್ರಕಾರ ಅವು ಸಾರ್ವಜನಿಕರಿಗೆ ತೋರಿಸುವಂಥವಲ್ಲ.

ಮೊದಲ ಮಹಾಚುನಾವಣೆಯ ಹೊತ್ತಿಗೆ ದೇಶದಲ್ಲಿ ಸುಮಾರು 28 ಲಕ್ಷ ಹೆಂಗಸರ ಹೆಸರು ಮತದಾರರ ಪಟ್ಟಿಯಿಂದ ಬಿದ್ದುಹೋಯಿತು. ಸ್ವಂತ ಹೆಸರು ಕೊಡದೆ ಇಂಥವರ ಹೆಂಡತಿ, ಇಂಥವರ ಮಗಳು ಎಂದಷ್ಟೇ ಬರೆಸಿದ್ದೇ ಕಾರಣ. ಅವರಲ್ಲಿ ಹೆಚ್ಚಿನವರು ಉತ್ತರದ ರಾಜ್ಯಗಳವರು ನಿಜ. ನಮ್ಮ ಕಾಗದಪತ್ರಗಳ ಬುದ್ಧಿಯೂ ಅದಕ್ಕಿಂತ ಬಹಳ ಬೇರೆಯೇನಲ್ಲ.

ಹಾಗಾದರೆ ಯಾವ ಸರ್ಕಾರಿ ಕಾಗದದಲ್ಲಿ ಅವಳೂ, ಅವಳಪ್ಪನೂ ಒಟ್ಟಿಗೆ ಇರುತ್ತಾರೆ?

ಜಮೀನಿನ ಕಾಗದದಲ್ಲಿ. ನನ್ನ ಪ್ರಕಾರ ಇದೇ ಎಲ್ಲಕ್ಕಿಂತ ಗಟ್ಟಿ ದಾರಿ. ಸ್ವಲ್ಪ ಬಿಡಿಸಿ ಹೇಳುತ್ತೇನೆ.

1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಬಂದ ಮೇಲೆ ಅಪ್ಪನ ಸ್ವಂತ ಆಸ್ತಿಗೂ, ಒಟ್ಟು ಕುಟುಂಬದಲ್ಲಿ ಅಪ್ಪನಿಗಿದ್ದ ಪಾಲಿಗೂ ಮಗಳು ವಾರಸುದಾರಳಾದಳು. ಆಮೇಲೆ ತೀರಿಕೊಂಡ ಅಪ್ಪನ ಹೆಸರಿನಿಂದ ಹೊಲ ಮಕ್ಕಳ ಹೆಸರಿಗೆ ಹೋಗುವಾಗ, ವಾರಸಾ ಪಟ್ಟಿಯಲ್ಲಿ ಹೆಣ್ಣುಮಕ್ಕಳ ಹೆಸರೂ ಬರತೊಡಗಿತು. ಹೆಸರಿನ ಮುಂದೆ ಗಂಡನ ಹೆಸರು, ಈಗಿರುವ ಊರು. "ಗಂಗವ್ವ ಗಂಡ ಬಸಪ್ಪ, ಸಾ. ಮುಂಬೈ" (ಸಾ. ಎಂದರೆ ವಾಸ) ಎಂಬ ಒಂದು ಸಾಲು ಸಿಕ್ಕರೆ ಸಾಕು, ಎರಡೂ ಮನೆಗಳಿಗೆ ಸೇತುವೆ ಬಿತ್ತು. ಹಳೇ ಮೈಸೂರು ಕಡೆಯ ಕಾಗದದಲ್ಲಿ ಗಂಡನ ಹೆಸರಿಗೆ ಮುಂಚೆ "ಕೋಂ" ಎಂದಿರುತ್ತದೆ, ಅಪ್ಪನ ಹೆಸರಿಗೆ ಮುಂಚೆ "ಬಿನ್".

ಇನ್ನೊಂದು ಕಾಗದ ಹಕ್ಕು ಬಿಡುಗಡೆ ಪತ್ರ. ಮರಾಠಿಯಲ್ಲಿ ಹಕ್ಕಸೋಡ ಪತ್ರ ಎನ್ನುತ್ತಾರೆ. ಅಕ್ಕತಂಗಿಯರು ತಮ್ಮ ಪಾಲನ್ನು ಅಣ್ಣತಮ್ಮಂದಿರಿಗೆ ಬಿಟ್ಟುಕೊಟ್ಟು ಹೆಬ್ಬೆಟ್ಟು ಒತ್ತಿದ ಪತ್ರ. ಪಾಲು ಹೋಯಿತು, ಹೆಸರು ಉಳಿಯಿತು. ಯಾರ ಮಗಳು, ಯಾರ ಹೆಂಡತಿ, ವಯಸ್ಸು ಎಷ್ಟು, ಎಲ್ಲಿ ವಾಸ, ಎಲ್ಲವೂ ಅದರಲ್ಲಿ ಇರುತ್ತದೆ. ನೋಂದಾಯಿಸಿದ ಪತ್ರ ಉಪನೋಂದಣಿ ಕಚೇರಿಯಲ್ಲಿ ಇರುತ್ತದೆ.

ಹುಡುಕುವ ಕ್ರಮ ಹೀಗಿರಲಿ. ಕರ್ನಾಟಕದಲ್ಲಾದರೆ ಪಹಣಿಯಿಂದ ಶುರು ಮಾಡಿ, ಹೊಲ ಒಬ್ಬರ ಹೆಸರಿನಿಂದ ಇನ್ನೊಬ್ಬರ ಹೆಸರಿಗೆ ಹೋದದ್ದನ್ನು ಬರೆದ ಹಿಂದಿನ ಮ್ಯುಟೇಶನ್‌ಗಳಿಗೆ ಹೋಗಿ. ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಕಡೆಯಾದರೆ 7/12 ಉತಾರ ಎಂಬ ಪಹಣಿಯಿಂದ ಮ್ಯುಟೇಶನ್ ಪುಸ್ತಕವಾದ ಫೇರ್‌ಫಾರ್‌ಗೆ. ಈಗಿನ ಪಹಣಿ ಕಂಪ್ಯೂಟರಿನಲ್ಲಿ ಸಿಗುತ್ತದೆ, ಅದರಲ್ಲಿ ನಿಮಗೆ ಬೇಕಾದ್ದು ಏನೂ ಇರುವುದಿಲ್ಲ. ಬೇಕಾದ್ದು ಹಿಂದಿನ ಕೈಬರಹದ ಪುಟಗಳು, ಅವು ಸ್ಕ್ಯಾನ್ ಆಗಿ ಕಂಪ್ಯೂಟರಿಗೆ ಬಂದಿರದಿದ್ದರೆ ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿಗೆ ಅರ್ಜಿ ಹಾಕಬೇಕು. ಸರ್ವೆ ನಂಬರ್ ಗೊತ್ತಿಲ್ಲದೆ ಅಲ್ಲಿ ಹೋಗಿ ಪ್ರಯೋಜನವಿಲ್ಲ.

ಅವಳಪ್ಪ 1956ಕ್ಕೆ ಮುಂಚೆ ತೀರಿಕೊಂಡು ಗಂಡುಮಕ್ಕಳೂ ಇದ್ದರೆ ವಾರಸಾ ಪಟ್ಟಿಯಲ್ಲಿ ಅವಳ ಹೆಸರು ಸಿಗುವುದು ಅಪರೂಪ. ಆಗ ಹೆಂಡತಿ, ಮಕ್ಕಳಿಲ್ಲದೆ 1956ರ ನಂತರ ತೀರಿಕೊಂಡ ಅಣ್ಣನೋ ತಮ್ಮನೋ ಅವಳಿಗೆ ಇದ್ದನೇ ನೋಡಿ. ಅಂಥವನ ಆಸ್ತಿ ಹಂಚುವಾಗ ಅಕ್ಕತಂಗಿಯರ ಹೆಸರು ಮೇಲೆ ಬರುತ್ತದೆ.

ಅವಳ ಊರು ಆಗ ಯಾವ ಸರ್ಕಾರದ ಕೆಳಗಿತ್ತು ಎನ್ನುವುದು ಯಾಕೆ ಮುಖ್ಯ?

ಕಾಗದ ಯಾವ ಭಾಷೆಯಲ್ಲಿ, ಯಾವ ಲಿಪಿಯಲ್ಲಿ, ಯಾವ ಕಚೇರಿಯಲ್ಲಿ ಎನ್ನುವುದು ಅದರ ಮೇಲೆ ನಿಂತಿದೆ. ಬೆಳಗಾವಿ, ಧಾರವಾಡ, ವಿಜಯಪುರ ಮುಂಬೈ ಪ್ರಾಂತ್ಯದಲ್ಲಿದ್ದವು. ಉತ್ತರ ಕನ್ನಡ 1862ರಲ್ಲಿ ಮದ್ರಾಸಿನಿಂದ ಮುಂಬೈಗೆ ಬಂತು. ದಕ್ಷಿಣ ಕನ್ನಡ ಮದ್ರಾಸಿನಲ್ಲೇ ಉಳಿಯಿತು. ಜಮಖಂಡಿ, ಮುಧೋಳ, ರಾಮದುರ್ಗ, ಸವಣೂರು ಬೇರೆ ಬೇರೆ ಸಂಸ್ಥಾನ. ಬೀದರ, ಕಲಬುರಗಿ, ರಾಯಚೂರು ನಿಜಾಮರದು. ಅಲ್ಲಿಯ ಕಾಗದ ಉರ್ದುವಿನಲ್ಲಿ, ವರ್ಷ ಕಂದಾಯ ಲೆಕ್ಕದ ಫಸಲಿಯಲ್ಲಿ. ಫಸಲಿಗೆ 590 ಕೂಡಿಸಿದರೆ ಇಸವಿ ಸಿಗುತ್ತದೆ, ಒಂದು ವರ್ಷ ಆಚೀಚೆ. ಶಕೆ ಎಂದು ಬರೆದಿದ್ದರೆ 78 ಕೂಡಿಸಿ. ಶಕೆ 1840ರ ಲಗ್ನ ಎಂದರೆ 1918ರ ಆಸುಪಾಸು.

1918 ಎಂದಾಗ ನೆನಪಾಯಿತು. ಆ ವರ್ಷದ ಇನ್‌ಫ್ಲುಯೆಂಜಾದಲ್ಲೂ, 1896ರಿಂದ ಶುರುವಾದ ಪ್ಲೇಗಿನಲ್ಲೂ ಅಪ್ಪ ಅಮ್ಮ ಇಬ್ಬರನ್ನೂ ಕಳೆದುಕೊಂಡ ಹೆಣ್ಣುಮಕ್ಕಳು ಬಹಳ. ಚಿಕ್ಕಪ್ಪನೋ ಮಾವನೋ ಸಾಕಿ ಧಾರೆ ಎರೆದಿರುತ್ತಾರೆ. ತವರು ಎಂದು ಮನೆಯಲ್ಲಿ ಹೇಳುವ ಊರು ಸಾಕಿದವರ ಊರಾಗಿರಬಹುದು, ಹುಟ್ಟಿದ್ದು ಬೇರೆ ಕಡೆ ಇರಬಹುದು.

ನಾವು ಕರಾವಳಿ ಕಡೆಯವರು. ನಮಗೂ ಇಷ್ಟೆಲ್ಲಾ ಕಷ್ಟ ಇದೆಯಾ?

ಅಳಿಯಸಂತಾನದವರಾದರೆ, ಅಂದರೆ ವಂಶವನ್ನು ತಾಯಿಯ ಕಡೆಯಿಂದ ಎಣಿಸುವವರಾದರೆ, ನಿಮ್ಮ ಕೆಲಸ ಅರ್ಧ ಹಗುರ. ಬಂಟರು, ಬಿಲ್ಲವರು, ಮೊಗವೀರರಲ್ಲಿ ಬಳಿ, ಅಂದರೆ ಗೋತ್ರದಂಥ ಕುಲದ ಹೆಸರು, ಬರುವುದೇ ತಾಯಿಯಿಂದ. ನಿಮ್ಮ ತಾಯಿಯ ತಾಯಿಯ ತಾಯಿಯ ಬಳಿ ಯಾವುದು ಎಂದರೆ ನಿಮ್ಮದೇ ಬಳಿ. ಅಪ್ಪನ ತಾಯಿಯ ಬಳಿ ಬೇಕೆಂದರೆ ಅಪ್ಪನ ಬಳಿ ಯಾವುದು ಎಂದು ಕೇಳಿದರಾಯಿತು. ಕುಟುಂಬದ ಮನೆ ಯಾವುದು ಎನ್ನುವುದೂ ಹೆಣ್ಣಿನ ದಾರಿಯಲ್ಲೇ ಸಿಗುತ್ತದೆ.

ಕಾಗದ ಬೇಕೆಂದರೆ ಪಾಲುಪಟ್ಟಿ ಕೇಳಿ. 1949ರ ಮದ್ರಾಸ್ ಅಳಿಯಸಂತಾನ ಕಾಯ್ದೆ ಬಂದ ಮೇಲೆ ಬಹಳ ಕುಟುಂಬಗಳು ಕವರು ಕವರಾಗಿ ಪಾಲಾದವು. ಕವರು ಎಂದರೆ ಒಬ್ಬ ಹೆಂಗಸು ಮತ್ತು ಅವಳ ಸಂತಾನ. ಹಾಗಾಗಿ ಆ ಪಾಲುಪಟ್ಟಿಗಳಲ್ಲಿ ತಾಯಿ, ಮಗಳು, ಮೊಮ್ಮಗಳು ಸಾಲಾಗಿ ಬರುತ್ತಾರೆ. ಬೇರೆಯವರಿಗೆ ಇಂಥ ಕಾಗದ ಕನಸಿನಲ್ಲೂ ಸಿಗುವುದಿಲ್ಲ.

ಮೂಲ ನಾಗಬನ ಎಲ್ಲಿ ಎಂದು ಮುಂಬೈಯಿಂದ ಹೋಗಿ ಜ್ಯೋತಿಷಿಗಳಲ್ಲಿ ಪ್ರಶ್ನೆ ಇಡಿಸುವವರು ಜಾಸ್ತಿ. ನಂಬಿಕೆ ನಿಮಗೆ ಬಿಟ್ಟದ್ದು. ವಂಶಾವಳಿಯಲ್ಲಿ ಮಾತ್ರ ಪ್ರಶ್ನೆಯಲ್ಲಿ ಬಂದದ್ದನ್ನು ಸಾಕ್ಷಿ ಎಂದು ಬರೆಯಬೇಡಿ. ವಂಶ ಅಪ್ಪನಿಂದ ಮಕ್ಕಳಿಗೆ ಬರುವ ಮಕ್ಕಳಕಟ್ಟಿನವರಿಗೆ ಈ ಲೆಕ್ಕ ಹೊಂದುವುದಿಲ್ಲ, ಅವರು ಮೇಲಿನ ಜಮೀನಿನ ದಾರಿಯನ್ನೇ ಹಿಡಿಯಬೇಕು.

ಮುಂಬೈಯ ಜಾತಿ ಸಂಘಗಳಲ್ಲಿ ಏನಾದರೂ ಸಿಗುತ್ತಾ?

ಸಿಗುತ್ತದೆ. ಮೊಗವೀರ ವ್ಯವಸ್ಥಾಪಕ ಮಂಡಳಿ 1902ರದು, ಕೆನರಾ ಸಾರಸ್ವತ ಅಸೋಸಿಯೇಶನ್ 1911ರದು, ಬಂಟರ ಸಂಘ 1927ರದು. ಇಂಥ ಸಂಘಗಳ ಹಳೇ ಪತ್ರಿಕೆ, ಸ್ಮರಣ ಸಂಚಿಕೆಗಳಲ್ಲಿ ಮದುವೆ, ಮರಣದ ಸುದ್ದಿ ಇರುತ್ತದೆ. ಅಜ್ಜಿಯ ಮರಣಕ್ಕಿಂತ ಅವಳ ಅಣ್ಣನ ಮರಣದ ಸುದ್ದಿ ಹುಡುಕಿ. "ಅಗಲಿದವರಿಗೆ ಮುಂಬೈಯಲ್ಲಿ ಒಬ್ಬ ಸಹೋದರಿ ಇದ್ದಾರೆ" ಎಂಬ ಸಾಲು ಅಲ್ಲಿರುತ್ತದೆ.

ನಾವು ಉತ್ತರ ಕರ್ನಾಟಕದವರು. ಹೆಳವರು ಹೇಳುತ್ತಾರೆ ಅಂತಾರಲ್ಲ?

ಹೆಳವರು ಮನೆಮನೆಗೆ ಬಂದು ವಂಶ ಹೇಳುವವರು. ಹಿಂದೆ ಎತ್ತಿನ ಮೇಲೆ ಬರುತ್ತಿದ್ದರು. ಅವರ ಬಾಯಲ್ಲೂ ಪುಸ್ತಕದಲ್ಲೂ ಗಂಡಸರ ಹೆಸರೇ ಜಾಸ್ತಿ. ಆದ್ದರಿಂದ ನಿಮ್ಮ ಮನೆಯ ಹೆಳವರು ಅಜ್ಜಿಯ ತವರನ್ನು ಹೇಳುತ್ತಾರೆ ಎಂದು ಕಾಯಬೇಡಿ. ತವರಿನ ಮನೆತನ, ಬೆಡಗು (ಕುಲದ ಕವಲು) ಅನುಮಾನವಾದರೂ ಗೊತ್ತಿದ್ದರೆ ಆ ಮನೆತನದ ಹೆಳವರು ಯಾರು ಎಂದು ವಿಚಾರಿಸಿ. ಊರಿನ ಮಠದ ಅಯ್ಯನವರಿಗೆ ಇದು ಗೊತ್ತಿರುತ್ತದೆ. ಹೆಳವರು ಸುಗ್ಗಿ ಮುಗಿದ ಮೇಲೆ ಊರಿಗೆ ಬರುವುದು ರೂಢಿ, ಹಾಗಾಗಿ ಊರಿನವರಿಗೆ ಮೊದಲೇ ಹೇಳಿಡಿ. ಕೇಳಿದ್ದನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ, ಕಾಣಿಕೆಯನ್ನು ಧಾರಾಳವಾಗಿ ಕೊಡಿ.

ಸೋದರತ್ತೆಯ ಮಗನಿಗೆ ಕೊಟ್ಟು ಮಾಡಿದ ಮದುವೆ ಆ ಕಡೆ ಬಹಳ. ಹಾಗಿದ್ದರೆ ಅಜ್ಜಿಯ ತವರು ಮತ್ತು ಅಜ್ಜನ ತಾಯಿಯ ತವರು ಒಂದೇ ಇರಬಹುದು. ಅಜ್ಜಿಯ ಕಡೆ ದಾರಿ ಮುಚ್ಚಿದರೆ ಅಜ್ಜನ ತಾಯಿಯ ಕಡೆಯಿಂದ ಬಂದು ನೋಡಿ.

ನಮ್ಮಲ್ಲಿ ಜಮೀನೇ ಇಲ್ಲ, ಪುರೋಹಿತರ ಮನೆ. ನಮಗೆ ಏನು ದಾರಿ?

ಅಪ್ಪ ಅಥವಾ ಅಜ್ಜ ತರ್ಪಣಕ್ಕೆ ಬರೆದಿಟ್ಟುಕೊಂಡ ಚೀಟಿ ಹುಡುಕಿ. ತರ್ಪಣದಲ್ಲಿ ಅಪ್ಪ, ಅಜ್ಜ, ಮುತ್ತಜ್ಜ ಆದ ಮೇಲೆ ಮಾತಾಮಹ, ಅವರ ತಂದೆ, ಅವರ ಅಜ್ಜ ಎಂದು ತಾಯಿಯ ತವರಿನ ಮೂರು ತಲೆ ಗೋತ್ರ ಸಮೇತ ಬರುತ್ತದೆ. ನಿಮ್ಮ ಅಜ್ಜನ ಚೀಟಿ ಸಿಕ್ಕರೆ ನಿಮ್ಮ ಮುತ್ತಜ್ಜಿಯ ಅಪ್ಪ, ಅಜ್ಜ, ಮುತ್ತಜ್ಜ ಮೂವರೂ ಸಿಕ್ಕಂತೆ. ಊರು ಅದರಲ್ಲಿ ಇರುವುದಿಲ್ಲ, ಅದೊಂದೇ ಕೊರತೆ. ನಾಸಿಕ, ತ್ರ್ಯಂಬಕೇಶ್ವರದ ತೀರ್ಥಪುರೋಹಿತರ ಬಳಿ ಯಾತ್ರೆಗೆ ಬಂದವರ ಹೆಸರು ಊರುವಾರು ಬರೆದ ವಹಿಗಳಿವೆ. ಗೋತ್ರ, ಹೆಸರು ಕೈಯಲ್ಲಿ ಹಿಡಿದು ಅಲ್ಲಿ ಕೇಳಿದರೆ ಊರಿನ ಸುಳಿವು ಸಿಗುವ ಸಾಧ್ಯತೆ ಇದೆ.

"ಕ್ಯಾಸ್ಟ್ ವ್ಯಾಲಿಡಿಟಿ" ಫೈಲಿನಲ್ಲಿ ವಂಶಾವಳಿ ಇರುತ್ತದೆ ಎನ್ನುತ್ತಾರೆ, ನಿಜವೇ?

ನಿಜ. ಮಹಾರಾಷ್ಟ್ರದಲ್ಲಿ ಮೀಸಲಾತಿ ಸೀಟಿಗೆ ಜಾತಿ ಪರಿಶೀಲನೆ ಮಾಡಿಸಿದವರ ಮನೆಯಲ್ಲಿ ದಪ್ಪನೆಯ ಫೈಲು ಇರುತ್ತದೆ. ವಂಶಾವಳಿಯ ಅಫಿಡವಿಟ್, ಅಜ್ಜನ ಕಾಲದ ಶಾಲಾ ದಾಖಲೆ ಎಲ್ಲಾ ಅದರಲ್ಲಿ. ನಿಮ್ಮ ಮನೆಯದು ಬೇಡ, ಅಜ್ಜಿಯ ತವರಿನ ಯಾವುದಾದರೂ ಹುಡುಗನ ಫೈಲು ನೋಡಲು ಕೇಳಿ. ಅಜ್ಜಿ ಎರಡನೇ ಕ್ಲಾಸಿನವರೆಗೆ ಓದಿದ್ದರೂ ಅವಳ ಶಾಲಾ ದಾಖಲೆ ಅದರಲ್ಲಿ ಸಿಗಬಹುದು.

ಪುಣೆಯಲ್ಲಿ ಹುಡುಕುವವರಿಗೆ ಬೇರೆ ಏನಾದರೂ?

ಎರಡು ಮಾತು. 1961ರ ಜುಲೈ 12ರಂದು ಪಾನ್‌ಶೇತ್ ಅಣೆಕಟ್ಟು ಒಡೆದು ನದಿ ಪಕ್ಕದ ಪೇಟೆಗಳು ಮುಳುಗಿದವು, ಎಷ್ಟೋ ಮನೆಗಳ ಕಾಗದ ಆ ದಿನವೇ ಹೋಯಿತು. ಅಜ್ಜಿಯ ಮನೆ ಅಲ್ಲಿದ್ದರೆ ಊರಿನ ಪ್ರತಿಯನ್ನೇ ನಂಬಬೇಕು. ಇನ್ನು ಹಳೇ ಪತ್ರಗಳು ಹಿಂದೆ ಮರಾಠಿ ಬರೆಯುತ್ತಿದ್ದ ಮೋಡಿ ಲಿಪಿಯಲ್ಲಿದ್ದರೆ ಬಿಸಾಡಬೇಡಿ. ಮೋಡಿ ಓದುವವರು ಪುಣೆಯಲ್ಲಿ ಸಿಗುತ್ತಾರೆ, ಭಾರತ ಇತಿಹಾಸ ಸಂಶೋಧಕ ಮಂಡಳದಲ್ಲಿ ವಿಚಾರಿಸಿ.

ಗೋವಾದಲ್ಲಿ?

ಗೋವಾದಲ್ಲಿ ಹುಟ್ಟಿದ ಅಜ್ಜಿ ಎಂದರೆ ಅದೃಷ್ಟ. ಪೋರ್ಚುಗೀಸರ ಕಾಲದ ಸಿವಿಲ್ ನೋಂದಣಿಯಲ್ಲಿ ಹುಟ್ಟಿದ ಮಗುವಿನ ಅಪ್ಪ ಅಮ್ಮನ ಜೊತೆಗೆ ಎರಡೂ ಕಡೆಯ ಅಜ್ಜ ಅಜ್ಜಿಯರ ಹೆಸರೂ ಬರೆಯುತ್ತಿದ್ದರು. ಒಂದು ಜನ್ಮ ದಾಖಲೆಯಲ್ಲಿ ಮೂರು ತಲೆಮಾರು! ತಾಲ್ಲೂಕಿನ ಸಿವಿಲ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಕೇಳಿ, ಬಹಳ ಹಳೆಯದಾದರೆ ಪಣಜಿಯ ಪುರಾಭಿಲೇಖ ಇಲಾಖೆಯಲ್ಲಿ. ಭಾಷೆ ಪೋರ್ಚುಗೀಸ್.

ಗೌಡ ಸಾರಸ್ವತರು ಕುಲದೇವರನ್ನು ಹಿಡಿದು ಹುಡುಕಬಹುದು. ಗಂಡನ ಮನೆಯ ಕುಲದೇವರು ಮಂಗೇಶಿಯಾಗಿದ್ದು ಅಜ್ಜಿ ಮಾತ್ರ ಮಾರ್ದೋಳದ ಮಹಾಲಸೆಗೆ ಉಡಿ ತುಂಬುತ್ತಿದ್ದರೆ ಅದು ತವರಿನ ದೇವರಾಗಿರುವ ಸಾಧ್ಯತೆ ಹೆಚ್ಚು. ಆದರೆ ದೇವಸ್ಥಾನದ ಮಹಾಜನರ, ಅಂದರೆ ಅದರ ಹಕ್ಕುದಾರರ, ಪಟ್ಟಿಯಲ್ಲಿ ಅವಳನ್ನು ಹುಡುಕಬೇಡಿ. ಅದು ಗಂಡಸರ ಪಟ್ಟಿ. ಅಲ್ಲಿ ಮತ್ತೆ ಅವಳ ಅಪ್ಪ, ಅಣ್ಣನೇ ಬೇಕು.

ವಾಸ್ಕೊ, ಝುವಾರಿನಗರದ ಕನ್ನಡಿಗರಲ್ಲಿ ಹೆಚ್ಚಿನವರು ಈಚೆಗೆ ಬಂದವರು. ಅವರ ಅಜ್ಜಿಯರ ಕಾಗದ ವಿಜಯಪುರ, ಬಾಗಲಕೋಟೆ, ಗದಗದಲ್ಲೇ ಇರುತ್ತದೆ.

ಕ್ರೈಸ್ತರು, ಮುಸ್ಲಿಮರು?

ಚರ್ಚಿನ ಮದುವೆ ರಿಜಿಸ್ಟರಿನಲ್ಲಿ ಹುಡುಗಿಯ ತಂದೆ ತಾಯಿ, ಅವಳ ಚರ್ಚು ಎರಡೂ ಇರುತ್ತವೆ, ಮಂಗಳೂರಿನ ಕಥೊಲಿಕರಿಗೆ ಇದೊಂದೇ ಸಾಕಾಗಬಹುದು. ನಿಕಾಹ್‌ನಾಮಾದಲ್ಲಿ ಹುಡುಗಿಯ ತಂದೆಯ ಹೆಸರು ಇರುತ್ತದೆ, ಖಾಜಿಯ ಬಳಿ ಅಥವಾ ಜಮಾತ್‌ನಲ್ಲಿ ವಿಚಾರಿಸಿ.

ಹಿರಿಯರು ಬಾಯಿ ಬಿಡುತ್ತಿಲ್ಲ. ಏನೋ ಮುಚ್ಚಿಡುತ್ತಿದ್ದಾರೆ ಅನಿಸುತ್ತದೆ.

ಮುಚ್ಚಿಡುತ್ತಿರಬಹುದು. ಅಜ್ಜಿ ಎರಡನೇ ಹೆಂಡತಿಯಾಗಿರಬಹುದು, ಉಡಿಕೆಯಾಗಿ (ಮರುಮದುವೆಯಾಗಿ) ಬಂದವಳಿರಬಹುದು, ಬೇರೆ ಜಾತಿಯವಳಿರಬಹುದು, ದೇವದಾಸಿ ಮನೆತನದವಳಿರಬಹುದು. ಉಡಿಕೆಯಾದವಳಾದರೆ ಮೊದಲ ಗಂಡನ ಊರನ್ನೇ ತವರೆಂದು ತಪ್ಪು ತಿಳಿಯುವುದು ಸುಲಭ. ದೇವದಾಸಿ ಮನೆಗಳ ಕಾಗದದಲ್ಲಿ ತಾಯಿಯ ಹೆಸರು ಮುಂದೆ ಬರುತ್ತದೆ. ಅಪ್ಪನ ಹೆಸರಿನ ಜಾಗದಲ್ಲಿ ಹೆಣ್ಣಿನ ಹೆಸರು ಕಂಡರೆ ಗುಮಾಸ್ತ ತಪ್ಪು ಬರೆದ ಅಂದುಕೊಳ್ಳಬೇಡಿ.

ಹಿರಿಯರನ್ನು ಎಲ್ಲರ ಎದುರು ಕೂರಿಸಿ ಕೇಳಬೇಡಿ. ಒಬ್ಬರೇ ಇದ್ದಾಗ, ಫೋಟೋ ತೋರಿಸಿ, ಬೇರೆ ಯಾರದ್ದೋ ವಿಷಯ ಎತ್ತಿ ಕೇಳಿ. ಗೊತ್ತಾದದ್ದನ್ನು ಬರೆದಿಡಿ. ಅವರು ಬೇಡ ಎಂದರೆ ಅವರಿರುವವರೆಗೆ ಕುಟುಂಬದ ವಾಟ್ಸಾಪ್ ಗುಂಪಿಗೆ ಹಾಕಬೇಡಿ.

ಡಿಎನ್ಎ ಟೆಸ್ಟ್ ಮಾಡಿಸಲಾ?

ದುಡ್ಡು ಜಾಸ್ತಿ ಇದ್ದರೆ ಮಾಡಿಸಿ. ಅದು ಊರು ಹೇಳುವುದಿಲ್ಲ, ಮನೆ ಹೇಳುವುದಿಲ್ಲ. ಅದೇ ಕಂಪನಿಯಲ್ಲಿ ತವರಿನವರೂ ಟೆಸ್ಟ್ ಮಾಡಿಸಿದ್ದರೆ ಮಾತ್ರ ಉಪಯೋಗ.

ಒಂದು ಮನೆ ಸಿಕ್ಕಿದೆ. ಅದೇ ತವರು ಎಂದು ಖಾತ್ರಿ ಮಾಡಿಕೊಳ್ಳುವುದು ಹೇಗೆ?

ಒಂದಕ್ಕೊಂದು ಸಂಬಂಧವಿಲ್ಲದ ಎರಡು ಸುಳಿವು ಒಂದೇ ಮನೆಯನ್ನು ತೋರಿಸಬೇಕು. ಲಗ್ನಪತ್ರಿಕೆಯಲ್ಲಿರುವ ಸೋದರಮಾವನ ಹೆಸರು ಹಳೇ ಮ್ಯುಟೇಶನ್‌ನಲ್ಲೂ ಇದೆ ಎಂದರೆ ಸರಿ. ಇಬ್ಬರು ಚಿಕ್ಕಮ್ಮಂದಿರು ಒಂದೇ ಮಾತು ಹೇಳಿದರು ಎಂದರೆ ಅದು ಎರಡಲ್ಲ. ಒಬ್ಬರು ಇನ್ನೊಬ್ಬರಿಂದ ಕೇಳಿರುತ್ತಾರೆ.

ಆ ಮನೆಯವರನ್ನು ನೋಡಲು ಹೋಗುತ್ತಿದ್ದೇವೆ. ಏನು ಎಚ್ಚರ ಬೇಕು?

ಹೆಣ್ಣುಮಕ್ಕಳ ಕಡೆಯವರು ಇಷ್ಟು ವರ್ಷದ ಮೇಲೆ ಹುಡುಕಿಕೊಂಡು ಬಂದರೆ ಅವರಿಗೆ ಮೊದಲು ಬರುವ ಯೋಚನೆ ಒಂದೇ. ಪಾಲು ಕೇಳಲು ಬಂದರು! ಒಟ್ಟು ಕುಟುಂಬದ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲು ಕೊಟ್ಟ 2005ರ ತಿದ್ದುಪಡಿ ಆದ ಮೇಲಂತೂ ಈ ಹೆದರಿಕೆ ಹೆಚ್ಚಾಗಿದೆ. ಆದ್ದರಿಂದ ಫೋನಿನಲ್ಲೇ ಹೇಳಿಬಿಡಿ, ಆಸ್ತಿ ವಿಷಯಕ್ಕೆ ಬರುತ್ತಿಲ್ಲ ಎಂದು. ವಕೀಲರಾದ ನೆಂಟರನ್ನು ಕರೆದುಕೊಂಡು ಹೋಗಬೇಡಿ. ಮೊದಲ ಭೇಟಿಯಲ್ಲಿ ಪಹಣಿ, ಸರ್ವೆ ನಂಬರ್ ಎಂದು ಬಾಯಿ ತೆಗೆಯಬೇಡಿ, ಮೊಬೈಲಿನಲ್ಲಿ ಕಾಗದದ ಫೋಟೋ ತೆಗೆಯಬೇಡಿ. ಅಜ್ಜಿಯ ಫೋಟೋ ಒಂದು ಪ್ರತಿ ಮಾಡಿಸಿ ಕೊಡಿ. ಅವರ ಮನೆಯಲ್ಲಿ ಅತಿ ಹಿರಿಯ ಹೆಂಗಸು ಯಾರೋ ಅವರ ಪಕ್ಕ ಹೋಗಿ ಕೂರಿ. ಗಂಡಸರು ಹೊಲದ ಮಾತಾಡುತ್ತಿರುವಾಗ ನಿಮಗೆ ಬೇಕಾದ ಹೆಸರುಗಳು ಅವರ ಬಾಯಿಂದಲೇ ಬರುತ್ತವೆ.